ಕೌದಿಗೆ ಹೆಸರಿಟ್ಟ ಸೋದರತ್ತೆ

ಕುಷ್ಟಗಿಯ ಶರಣಬಸಮ್ಮನ ವ್ಯಾಪಾರ ಹೆಸರಿಲ್ಲದೆಯೇ ನಡೆದುಕೊಂಡು ಬಂದಿತ್ತು. ಹಳೆಯ ಸೀರೆ ತಂದುಕೊಟ್ಟವರಿಗೆ ಕೌದಿ ಹೊಲಿದುಕೊಡುವುದು ಅವಳ ಕಸುಬು. ಮನೆಯ ಮುಂದೆ ಬೋರ್ಡಿಲ್ಲ. “ಟಂಟಂ ಮುದಿಯಪ್ಪನ ಮನಿ ಎಲ್ಲೈತ್ರಿ?” ಎಂದು ಕೇಳಿದರೆ ಓಣಿಯಲ್ಲಿ ಯಾರಾದರೂ ತೋರಿಸುತ್ತಾರೆ. ಮುದಿಯಪ್ಪ ಅವಳ ಗಂಡ, ಟಂಟಂ ಆಟೋ ಓಡಿಸುತ್ತಾನೆ. ಬೆನ್ನು ಬಗ್ಗಿಸಿ ಹೊಲಿಯುವವಳು ಹೆಂಡತಿ, ವಿಳಾಸ ಮಾತ್ರ ಗಂಡನ ಗಾಡಿಯದು. ಇದರಲ್ಲಿ ಯಾರಿಗೂ ಏನೂ ತಪ್ಪು ಕಂಡಿರಲಿಲ್ಲ, ಅವಳಿಗೂ ಕಂಡಿರಲಿಲ್ಲ.

ಹೆಸರಿನ ಗೊಡವೆ ಬಂದದ್ದು ಆನೆಗುಂದಿ ಕಡೆಯಿಂದ. ಅಲ್ಲೊಬ್ಬರು ಪ್ರವಾಸಿಗರಿಗಾಗಿ ಹೋಂಸ್ಟೇ ನಡೆಸುತ್ತಾರೆ. ಗಂಗಾವತಿಯಲ್ಲಿ ನೆಂಟರ ಮನೆಗೆ ಹೋದಾಗ ಶರಣಬಸಮ್ಮನ ಕೌದಿ ಹೊದ್ದು ಮಲಗಿದರಂತೆ. ಬೆಳಿಗ್ಗೆ ಎದ್ದವರೇ ಫೋನ್ ಹಚ್ಚಿದರು. ತಮ್ಮ ಎಲ್ಲ ಕೋಣೆಗಳಿಗೂ ಇಂಥವೇ ಬೇಕು. ಆದರೆ ಬಿಲ್ಲು ಬೇಕು, ಬಿಲ್ಲಿನ ಮೇಲೆ ಅಂಗಡಿಯ ಹೆಸರು ಬೇಕು, ಬಂದ ಅತಿಥಿಗಳು ಕೇಳಿದರೆ ತೋರಿಸಲು ಒಂದು ವೆಬ್‌ಸೈಟೂ ಇದ್ದರೆ ಒಳ್ಳೆಯದು. ಇಷ್ಟಾದರೆ ವರ್ಷವಿಡೀ ಕೆಲಸ. ಶರಣಬಸಮ್ಮ ಆ ರಾತ್ರಿ ಊಟಕ್ಕೆ ಕೂತಾಗ ಎರಡು ಸಲ ತಾನಾಗಿಯೇ ನಕ್ಕಳು.

ಮಗಳು ಅಮೃತಾ ಕೊಪ್ಪಳದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ರಜೆಗೆ ಬಂದಿದ್ದ ಅವಳೇ ತಾಯಿಯನ್ನು ಬಸ್‌ಸ್ಟ್ಯಾಂಡ್ ಹತ್ತಿರ ಅಬ್ದುಲರೌಫನ ಆನ್‌ಲೈನ್ ಸೆಂಟರಿಗೆ ಕರೆದುಕೊಂಡು ಹೋದಳು. ಪಹಣಿ ತೆಗೆಸುವವರು, ಆಧಾರಿನಲ್ಲಿ ಹುಟ್ಟಿದ ದಿನ ತಿದ್ದಿಸುವವರು, ಪರೀಕ್ಷೆಯ ರಿಸಲ್ಟಿಗೆ ಕಾದವರು, ಊರಿನ ಅರ್ಧ ಕಷ್ಟ ಅವನ ಎದುರಿನ ಬೆಂಚಿನ ಮೇಲೆ ಕೂತಿರುತ್ತದೆ. ಅವನಿಗೆ ಬೇಸರವೆಂಬುದಿಲ್ಲ. ಅಥವಾ ಇದ್ದರೂ ತೋರಿಸುವುದಿಲ್ಲ.

“ಒಬ್ರೇ ಮಾಲಕರಿರೋ ಧಂದೆ ಅಂದ್ರ ಭಾಳ ಸಲೀಸು, ಅಕ್ಕಾರ,” ಎಂದ. “ಸರಕಾರದ ಉದ್ಯಮ್ ನೋಂದಣಿಗೆ ನಿಮ್ಮ ಆಧಾರ, ಪ್ಯಾನು ಇದ್ರ ಸಾಕು. ಆದ್ರ ಹೆಸರು ಮೊದ್ಲ ಗಟ್ಟಿ ಮಾಡ್ರಿ. ಬ್ಯಾಂಕಿಗೊಂದು, ಬಿಲ್ಲಿಗೊಂದು, ವೆಬ್‌ಸೈಟಿಗೊಂದು ಹೆಸರಾದ್ರ ಮುಂದ ತ್ರಾಸು. ಅದಕ್ಕ ವೆಬ್‌ಸೈಟಿನ ಹೆಸರು ಖಾಲಿ ಐತೇನು, ಮೊದ್ಲ ಅದನ್ನ ನೋಡೂಣು. ಅದು ಜಗತ್ತಿನ್ಯಾಗ ಒಬ್ರಿಗೇ ಸಿಗೂದು.”

ಹೆಸರು ಶರಣಬಸಮ್ಮನ ಮನಸ್ಸಿನಲ್ಲಿ ಸಿದ್ಧವಿತ್ತು. ಅಮೃತಾ ಕೌದಿ. ಮಗಳ ಹೆಸರು, ಕೇಳಲಿಕ್ಕೂ ಚೆಂದ. ಅಬ್ದುಲರೌಫ ಬೆರಳಾಡಿಸಿದ, ತಲೆಯಾಡಿಸಿದ. ಅದನ್ನು ಯಾರೋ ಎಂದೋ ತೆಗೆದುಕೊಂಡಿದ್ದರು. ಹಿಂದೊಂದು ಮುಂದೊಂದು ಪದ ಸೇರಿಸಿ ನೋಡಿದರು, ಅವೂ ಹೋಗಿದ್ದವು. ಒಂದನ್ನು ತೆರೆದರೆ ಒಳಗೆ ಏನೂ ಇಲ್ಲ, ಈ ಹೆಸರು ಮಾರಾಟಕ್ಕಿದೆ ಎಂಬ ಒಂದೇ ಸಾಲು.

“ಹೊಲ ಹಿಡದು ಬೀಳು ಬಿಟ್ಟಾರ ನೋಡು,” ಎಂದು ಶರಣಬಸಮ್ಮ ಬೈದಳು. “ಬಿತ್ತಂಗೂ ಇಲ್ಲ, ಬಿಡಂಗೂ ಇಲ್ಲ.”

ಆಗ ಅಮೃತಾ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು ತಾನೇ ಒಂದು ಹೆಸರು ಒತ್ತಿದಳು. ಮಾರೆಮ್ಮ ಕೌದಿ. ಪರದೆಯ ಮೇಲೆ ಹಸಿರು ಗುರುತು ಬಂತು. ಖಾಲಿ ಇತ್ತು.

ಶರಣಬಸಮ್ಮನ ಮುಖದ ಬಣ್ಣ ಹೋಯಿತು.

ಆ ಹೆಸರಿಗೊಂದು ಹಿಂದಿನ ಕತೆಯಿದೆ. ಮಾರೆಮ್ಮ ಎಂದರೆ ಮುದಿಯಪ್ಪನ ತಾಯಿ. ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಅವಳಿಂದ ಮಗಳು ಭೀಮಕ್ಕ ಕಲಿತಳು. ಹೊಸ ಸೊಸೆಯಾಗಿ ಬಂದ ಶರಣಬಸಮ್ಮನ ಕೈಯಲ್ಲಿ ಸೂಜಿ ಕೊಟ್ಟು, ಅಂಚಿನಿಂದ ಹಿಡಿದು ನಡುವಿನವರೆಗೆ ಸುತ್ತುಸುತ್ತಾಗಿ ಹೊಲಿಗೆ ಹಾಕುವುದನ್ನು ಕಲಿಸಿದವಳು ಈ ನಾದಿನಿ ಭೀಮಕ್ಕನೇ. ಕೂಸು ಹುಟ್ಟಿ ತೊಟ್ಟಿಲಿಗೆ ಹಾಕುವ ದಿನ ಹೆಸರಿಡುವ ಹಕ್ಕು ಸೋದರತ್ತೆಯದು. ಶರಣಬಸಮ್ಮನಿಗೆ ಮಗಳು ಹುಟ್ಟಿದಾಗ ಭೀಮಕ್ಕ ತೊಟ್ಟಿಲೊಳಗೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು, ತೀರಿಹೋದ ತನ್ನ ತಾಯಿಯ ಹೆಸರನ್ನು ಉಸುರಿದಳು. ಸುತ್ತ ನಿಂತ ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಕೂಸು ಮಾರೆಮ್ಮ ಆಯಿತು.

ಶಾಲೆಗೆ ಹಚ್ಚುವಾಗ ಶರಣಬಸಮ್ಮನಿಗೆ ಅಳುಕಾಯಿತು. ಓರಗೆಯ ಹುಡುಗರು ಹಳೆಯ ಹೆಸರೆಂದು ಕಾಡಿಸಿದರೆ? ಯಾರನ್ನೂ ಕೇಳದೆ ಅಮೃತಾ ಎಂದು ಬರೆಸಿಬಂದಳು. ಭೀಮಕ್ಕ ಜಗಳವಾಡಲಿಲ್ಲ. ಆಡಿದ್ದರೆ ಅಂದೇ ಮುಗಿಯುತ್ತಿತ್ತು. ಅವಳು ಯಲಬುರ್ಗಿಯಿಂದ ಮದುವೆ ಮುಂಜಿಗೆ ಬರುತ್ತಾಳೆ, ಉಣ್ಣುತ್ತಾಳೆ, ಮಾತಾಡುತ್ತಾಳೆ. ಆದರೆ ಹುಡುಗಿಯನ್ನು ಆ ಹೆಸರಿಂದಲೂ ಕರೆಯುವುದಿಲ್ಲ, ಈ ಹೆಸರಿಂದಲೂ ಕರೆಯುವುದಿಲ್ಲ. ಕಾಲೇಜು ಓದುವ ಹುಡುಗಿಯನ್ನು ಈಗಲೂ ‘ಕೂಸು’ ಎನ್ನುತ್ತಾಳೆ. ಆ ಒಂದು ಪದ ಕಿವಿಗೆ ಬಿದ್ದಾಗಲೆಲ್ಲ ಶರಣಬಸಮ್ಮನ ಎದೆ ಚುರ್ ಎನ್ನುತ್ತದೆ.

“ದುಡ್ಡು ಕಟ್ಟಿಬಿಡ್ಲ್ಯಾ, ಅಕ್ಕಾರ?” ಎಂದು ಅಬ್ದುಲರೌಫ ಕೇಳಿದ.

“ಬ್ಯಾಡ್ರಿ. ಈ ಹೆಸರು ನಂದಲ್ಲ. ಇಟ್ಟವ್ರನ್ನ ಕೇಳಬೇಕು.”

“ಫೋನ್ ಹಚ್ಚಿ ಕೇಳ್ರಲ್ಲ.”

“ಹೆಸರಿನ ಮಾತು ಫೋನಿನ್ಯಾಗ ಆಡ್ತಾರೇನ್ರಿ?”

ಅಬ್ದುಲರೌಫ ಕನ್ನಡಕ ತೆಗೆದು ಒರೆಸಿಕೊಂಡ. “ಇವತ್ತು ಖಾಲಿ ಐತಿ. ನಾಳೆನೂ ಇರ್ತೈತಿ ಅಂತ ನಾ ಹೇಳಂಗಿಲ್ಲ ಮತ್ತ.”

ಮಗಳು ದಾರಿಯುದ್ದಕ್ಕೂ ಗೊಣಗಿದಳು. ಈಗಿನ ಕಾಲದಲ್ಲಿ ಹೆಸರು ಕಂಡ ಕೂಡಲೇ ಹಿಡಿಯಬೇಕು, ಯಾರಾದರೂ ಹಿಡಿದರೆ ಹೋಂಸ್ಟೇಯ ಕೆಲಸವೂ ಹೋಯಿತು ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಒಮ್ಮೆ ಕೇಳದೆ ಬರೆಸಿದ್ದರ ಸಂಕಟ ತಾಯಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಯಲಬುರ್ಗಿಯ ಬಸ್ ಹತ್ತಿದರು. ಭೀಮಕ್ಕ ಕಟ್ಟೆಯ ಮೇಲೆ ಕಾಲು ಚಾಚಿ, ಮೂಗಿನ ತುದಿಗೆ ಕನ್ನಡಕ ಇಳಿಸಿ ಕೌದಿ ಹೊಲಿಯುತ್ತಿದ್ದಳು.

“ಬರ್ರಿ. ಕೂಸೂ ಬಂದೈತಲ್ಲ,” ಎಂದಳು.

ಶರಣಬಸಮ್ಮ ಕೌದಿಯ ಇನ್ನೊಂದು ಅಂಚು ಹಿಡಿದು ಕೂತಳು. ಎಲ್ಲವನ್ನೂ ಹೇಳಿದಳು. ಮಾರೆಮ್ಮ ಎಂಬ ಹೆಸರು ಖಾಲಿ ಇದ್ದದ್ದನ್ನು ಮಾತ್ರ ಹೇಳಲಿಲ್ಲ. ನಾದಿನಿ ಯಾವ ಹೆಸರು ಕೊಟ್ಟರೂ ಅದೇ ಸರಿ ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

“ಧಂದೆಕ್ಕ ನೀವ ಹೆಸರಿಡಬೇಕ್ರಿ, ಅಕ್ಕಾರ.”

“ನಾ ಇಟ್ಟದ್ದು ನೀವು ಬರಸವ್ರಾ?”

ಸೂಜಿ ನಿಲ್ಲಲಿಲ್ಲ, ಕಣ್ಣೂ ಮೇಲೇಳಲಿಲ್ಲ. ಇಷ್ಟು ವರ್ಷ ಒಳಗೇ ಇದ್ದ ಮಾತು ಹೀಗೆ ಸಲೀಸಾಗಿ ಹೊರಗೆ ಬಂದುಬಿಟ್ಟಿತು.

“ಅವಾಗ ನಿಮ್ಮನ್ನ ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ಮಾಡೀನ್ರಿ,” ಎಂದಳು ಶರಣಬಸಮ್ಮ. ಕಣ್ಣು ತುಂಬಿ ಬಂದವು.

ಭೀಮಕ್ಕ ದಾರ ಹರಿದು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟಳು. ರೊಟ್ಟಿ, ಪುಂಡಿಪಲ್ಯ ಹಾಕಿ ಇಬ್ಬರಿಗೂ ಉಣ್ಣಲಿಕ್ಕೆ ಕೊಟ್ಟಳು. ತಾಟು ತೊಳೆದಿಟ್ಟು, ಬಾಗಿಲಿಗೆ ಕೀಲಿ ಹಾಕಿ, “ಬಸ್ಸು ಎಷ್ಟೊತ್ತಿಗೈತಿ?” ಎಂದು ಕೇಳಿದಳು.

ಅಬ್ದುಲರೌಫನ ಸೆಂಟರಿನಲ್ಲಿ ಬೆಂಚು ತುಂಬಿತ್ತು. ಭೀಮಕ್ಕ ಸುತ್ತ ಕಣ್ಣಾಡಿಸಿ, “ಹೆಸರಿಡೂ ಕೂಸು ಎಲ್ಲೈತಿ?” ಎಂದಳು. ಅಬ್ದುಲರೌಫ ಕಂಪ್ಯೂಟರ್ ಕಡೆ ಕೈ ತೋರಿಸಿದ. “ಅದಲ್ಲಪಾ,” ಎಂದು ಅವಳು ಶರಣಬಸಮ್ಮನ ಚೀಲದಿಂದ ಹೊಸ ಕೌದಿ ತೆಗೆಸಿದಳು. ಆನೆಗುಂದಿಗೆ ಮಾದರಿ ತೋರಿಸಲು ಹೊಲಿದದ್ದು ಅದು. ಅದನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು, ಮೂಲೆಯೊಂದಕ್ಕೆ ಬಾಯಿ ಹಚ್ಚಿ ‘ಕುರ್‍ರ್’ ಎಂದಳು. ಮುಂದಿನದು ಯಾರಿಗೂ ಕೇಳಿಸಲಿಲ್ಲ.

ಶರಣಬಸಮ್ಮ ಹೋಗಿ ನಾದಿನಿಯ ಬೆನ್ನಿಗೆ ಗುದ್ದಿದಳು. ಅಮೃತಾ ಗುದ್ದಿದಳು. ಪಹಣಿಗೆ ಬಂದ ಹೆಣ್ಣುಮಗಳೊಬ್ಬಳು ತನಗೇನೂ ಸಂಬಂಧವಿಲ್ಲದಿದ್ದರೂ ಎದ್ದುಬಂದು ಒಂದು ಗುದ್ದು ಹಾಕಿ ಹೋದಳು.

“ಸಾಕು ಸಾಕು, ಬೆನ್ನು ಮುರದೀರಿ,” ಎಂದು ಭೀಮಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿ ಅಬ್ದುಲರೌಫನಿಗೆ ಹೇಳಿದಳು: “ಬರಕೋ. ಮಾರೆಮ್ಮ.”

ಶರಣಬಸಮ್ಮನಿಗೆ ಉಸಿರು ಬಂದಂತಾಯಿತು. ಮರುಕ್ಷಣವೇ ಇನ್ನೊಂದು ಹೆದರಿಕೆ ಹಿಡಿಯಿತು. ಅಬ್ದುಲರೌಫ ಒತ್ತಿದ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅವಳು ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದಳು. ಹಸಿರು ಗುರುತು ಬಂತು.

“ಐತ್ರಿ!” ಎಂದ ಅಬ್ದುಲರೌಫ. ದುಡ್ಡು ಕಟ್ಟಿದ. “ವರ್ಷಾ ವರ್ಷ ಇದನ್ನ ಕಟ್ಟಕೋಂತ ಹೋಗಬೇಕ್ರಿ. ಮರತ್ರ ಹೆಸರು ಬ್ಯಾರೇವ್ರ ಪಾಲಾಗ್ತೈತಿ.”

“ಕೇಳಿದ್ಯೇನು, ಶರಣವ್ವ?” ಎಂದಳು ಭೀಮಕ್ಕ. “ಈ ಸಲ ಮರೀಬ್ಯಾಡ.”

ಶರಣಬಸಮ್ಮ ತಲೆಯಾಡಿಸಿದಳು. ಅವಳ ಫೋನಿಗೆ ಬಂದ ಓಟಿಪಿಯನ್ನು ಮಗಳು ಓದಿ ಹೇಳಿದಳು. ಉದ್ಯಮ್ ನೋಂದಣಿಯ ಪ್ರಮಾಣಪತ್ರ ಪ್ರಿಂಟರಿನಿಂದ ಬೆಚ್ಚಗೆ ಹೊರಬಂತು. ಉದ್ಯಮದ ಹೆಸರು ಮಾರೆಮ್ಮ ಕೌದಿ, ಮಾಲೀಕರು ಶರಣಬಸಮ್ಮ. ಭೀಮಕ್ಕನಿಗೆ ಇಂಗ್ಲಿಷ್ ಅಕ್ಷರ ಬಾರದು. ಯಾವ ಸಾಲಿನಲ್ಲಿ ತಾಯಿಯ ಹೆಸರಿದೆ ಎಂದು ಹುಡುಗಿಯಿಂದ ಬೆರಳಿಟ್ಟು ತೋರಿಸಿಕೊಂಡಳು, ಓದಿಸಿದಳು, ಇನ್ನೊಮ್ಮೆ ಓದಿಸಿದಳು. ಆಮೇಲೆ ಹಾಳೆಯನ್ನು ಕೌದಿಯ ಮಡಿಕೆಯೊಳಗೆ ಇಟ್ಟು ಬೆಂಚಿಗೆ ಒರಗಿ ಕೂತಳು. ದಣಿದಿದ್ದಳು.

“ಅಮೃತಾ,” ಎಂದಳು, “ಒಂದು ವಾಟಿ ನೀರು ತಗೊಂಡು ಬಾರವ್ವ.”

ಹುಡುಗಿ ಯಾರನ್ನು ಕರೆದರೆಂದು ಹಿಂದೆ ತಿರುಗಿ ನೋಡಿದಳು.