ಮೇಸ್ತ್ರಿಯ ಮೂಗು, ನನ್ನ ಫೋನು

ಮೊನ್ನೆ ನೆಹರು ಗಂಜಿನ ಮಾರುಕಟ್ಟೆಯಲ್ಲಿ ತಳ್ಳುಗಾಡಿಯ ಪಕ್ಕ ನಿಂತಿದ್ದಾಗ ಕಮಲಾಪುರದ ಕೆಂಪು ಬಾಳೆಯ ವಾಸನೆ ಮೂಗಿಗೆ ಬಡಿಯಿತು. ಗಾಡಿಯವನು ಹಣ್ಣೊಂದನ್ನು ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ಆ ವಾಸನೆ ಬಂದರೆ ಇವತ್ತಿಗೂ ನಮ್ಮ ಮೇಸ್ತ್ರಿ ಎದುರು ನಿಂತಂತಾಗುತ್ತದೆ...

ಅವರು ಕಮಲಾಪುರದವರು. ಬಾಳೆಗೊನೆ ಹಣ್ಣು ಮಾಡುವ ನಮ್ಮ ಗೋದಾಮಿನಲ್ಲಿ ನನ್ನ ತಂದೆಯ ಕಾಲದಿಂದ ಇದ್ದವರು. ಮುಚ್ಚಿದ ಬಾಗಿಲಿಗೆ ಮೂಗು ಹಚ್ಚಿ, "ಇನ್ನೊಂದು ದಿನ ಬೇಕ್ರಿ" ಎನ್ನುತ್ತಿದ್ದರು. ಆ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ಮಾಲೀಕನೆಂಬ ಜಂಬದಲ್ಲಿ ಏಕವಚನದಲ್ಲೇ ಮಾತಾಡಿಸುತ್ತಿದ್ದೆ.

ವ್ಯಾಪಾರ ನನ್ನ ಕೈಗೆ ಬಂದ ಮೇಲೆ ಕಂಪ್ಯೂಟರ್ ನಡೆಸುವ ತಂಪು ಕೋಣೆ ಕಟ್ಟಿಸಿದೆ. ಒಳಗೆ ಏರುಪೇರಾದರೆ ಫೋನಿಗೆ ಸಂದೇಶ ಬರುತ್ತದೆ, ಎರಡು ನಂಬರ್ ಕೊಡಿ ಎಂದ ಅದನ್ನು ಕೂರಿಸಿದ ಎಂಜಿನಿಯರ್. ನನ್ನದೊಂದನ್ನೇ ಬರೆಸಿದೆ.

"ನಂದೂ ಹಾಕ್ರಿ ಸಾವ್ಕಾರ್ರ, ನಾ ಇಲ್ಲೇ ಇರ್ತೀನಲ್ರಿ" ಎಂದರು ಮೇಸ್ತ್ರಿ.

"ಮಾಲಕ ನಾನೋ ನೀನೋ?" ಎಂದು ನಕ್ಕೆ. ಕೂತು ಕಲಿಸುತ್ತೇನೆಂದ ಎಂಜಿನಿಯರನ್ನೂ ಆಮೇಲೆ ನೋಡೋಣ ಎಂದು ಸಾಗಹಾಕಿದೆ. ದಿನಾ ಬರುವ ಇಂಗ್ಲಿಷ್ ಸಂದೇಶಗಳ ಕಾಟ ತಾಳದೆ ಅವುಗಳ ಸದ್ದನ್ನೇ ಬಂದ್ ಮಾಡಿದೆ.

ಆ ಬೇಸಿಗೆಯ ಒಂದು ಭಾನುವಾರ ಕಮಲಾಪುರದ ಆರು ರೈತರ ಗೊನೆಗಳು ಒಂದೇ ಕೋಣೆಯಲ್ಲಿದ್ದವು. ನಾನು ಶರಣಸಿರಸಗಿಯಲ್ಲಿ ಮದುವೆಯೂಟಕ್ಕೆ ಕೂತಿದ್ದೆ. ಮೇಸ್ತ್ರಿಯ ಫೋನ್ ಬಂತು.

"ಒಳಗಿಂದ ವಾಸನಿ ಬ್ಯಾರೆ ಬರಾಕತ್ತದ್ರಿ. ಬಾಗಿಲ ತೆಗೀಲೇನ್ರಿ?"

"ಮುಟ್ಟಬ್ಯಾಡ. ಕಂಪ್ಯೂಟರ್ ಅದ, ನೋಡ್ಕೋತದ."

ಮತ್ತೆ ಮಾಡಿದರು. ಬೈದು ಇಟ್ಟೆ. ಮೂರನೇ ಸಲ ಎತ್ತಲೇ ಇಲ್ಲ.

ಮರುದಿನ ಬೆಳಿಗ್ಗೆ ರೈತರ ಎದುರೇ ಬಾಗಿಲು ತೆಗೆದೆವು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಗೊನೆಗಳೆಲ್ಲ ಬೆಂದು, ಕಪ್ಪಾಗಿ, ಸೋರುತ್ತಿದ್ದವು. ಎಲ್ಲರ ಕಣ್ಣೂ ನನ್ನ ಮೇಲೆ. ನನಗೆ ನನ್ನ ಮಾನ ಉಳಿಯಬೇಕಿತ್ತು. ಪಕ್ಕದಲ್ಲಿ ಮೇಸ್ತ್ರಿ ಇದ್ದರು.

"ನೀನೇ ಏನೋ ಒತ್ತಿ ಕೆಡಿಸೀದಿ!" ಎಂದು ಕೂಗಿದೆ.

"ನಾ ಮುಟ್ಟಿಲ್ರಿ ಸಾವ್ಕಾರ್ರ."

ಅಷ್ಟೇ. ಹಿಂದಿನ ದಿನದ ಫೋನಿನ ಮಾತನ್ನು ಅವರು ಎತ್ತಲಿಲ್ಲ. ಸ್ವಂತ ಊರಿನ ರೈತರೇ ಅವರನ್ನು ಕಳ್ಳನಂತೆ ನೋಡಿದರು. ಟವೆಲ್ ಹೆಗಲಿಗೆ ಹಾಕಿಕೊಂಡು ಹೋದವರು ಮತ್ತೆ ಬರಲಿಲ್ಲ.

ಎರಡು ದಿನದ ಮೇಲೆ ಎಂಜಿನಿಯರ್ ಬಂದು ನನ್ನ ಫೋನ್ ತೆರೆಸಿದ. ಒಂಬತ್ತು ಸಂದೇಶ. ತಂಪು ನಿಂತಿದೆ, ಶಾಖ ಏರುತ್ತಿದೆ ಎಂದು ಯಂತ್ರ ಭಾನುವಾರವಿಡೀ ನನ್ನ ಜೇಬಿನಲ್ಲೇ ಸದ್ದಿಲ್ಲದೆ ಬಡಿದುಕೊಂಡಿತ್ತು.

ಅವತ್ತೇ ಹೋಗಿ ಕಾಲು ಹಿಡಿಯಬೇಕಿತ್ತು. ನಾಚಿಕೆ... ಇವತ್ತು, ನಾಳೆ ಎನ್ನುತ್ತ ಮಳೆಗಾಲ ಕಳೆದೆ. ಕೊನೆಗೆ ಕಮಲಾಪುರಕ್ಕೆ ಹೋದಾಗ ಅವರು ತೀರಿಕೊಂಡು ತಿಂಗಳಾಗಿತ್ತು.

"ಫೋನ್ ಬಾಜೂಕ ಇಟ್ಕೊಂಡೇ ಕೂಡ್ತಿದ್ರು. ಸಾವ್ಕಾರ್ರು ಮಾಡ್ತಾರ ಅಂತಿದ್ರು" ಎಂದರು ಅವರ ಹೆಂಡತಿ.

ಈಗ ಗಂಜಿನಲ್ಲಿ ಯಾವ ಮಾಲೀಕರಾದರೂ "ಕಂಪ್ಯೂಟರ್ ನಮಗ್ಯಾಕ್ರಿ, ಮಂದಿ ಇದ್ದಾರಲ್ಲ" ಎಂದರೆ ನನಗೆ ಮೈಯುರಿಯುತ್ತದೆ. ಅವತ್ತು ಮೇಸ್ತ್ರಿಯೂ ಹೇಳಿದ್ದರು, ಯಂತ್ರವೂ ಹೇಳಿತ್ತು; ಕೇಳದವನು ನಾನು. ನಾನು ಆ ಪರದೆಯ ಒಂದೊಂದು ಅಂಕಿಯನ್ನೂ ಕೂತು ಕಲಿತಿದ್ದೇನೆ. ಸಂದೇಶ ಬಂದರೆ ತಟ್ಟೆ ಬಿಟ್ಟು ಏಳುತ್ತೇನೆ. ಮೊದಲ ನಂಬರ್ ಹೊಸ ಮೇಸ್ತ್ರಿಯದು, ನನ್ನದು ಎರಡನೆಯದು.

ಹಳೆಯ ಮೇಸ್ತ್ರಿಯ ನಂಬರನ್ನು ಅಳಿಸಿಲ್ಲ. ಅವರ ಆ ಮೂರನೇ ಕರೆಗೆ ನಾನು ತಿರುಗಿ ಫೋನ್ ಮಾಡಲೇ ಇಲ್ಲ.