ಉಡಿಯೊಳಗಿನ ಮೊಲ

ಬಸವಕಲ್ಯಾಣದ ತ್ರಿಪುರಾಂತದಲ್ಲಿ ಗಂಡನ ಜೊತೆ ಹಿಟ್ಟಿನ ಗಿರಣಿ ನಡೆಸುವ ಗಯಾಬಾಯಿಗೆ ಹೊಟ್ಟೆಕಿಚ್ಚು ಹೊಸದಲ್ಲ. ಪಕ್ಕದ ಓಣಿಯ ಗಿರಣಿಯ ಮುಂದೆ ಜೋಳದ ಡಬ್ಬಿಗಳ ಸಾಲು ಉದ್ದವಾಗಿದ್ದರೆ ಆ ದಿನ ಆಕೆಗೆ ಊಟ ಸೇರುವುದಿಲ್ಲ. ಗಂಡ ಪಾಂಡುರಂಗ ಒಮ್ಮೆ ಬಾಯಿತಪ್ಪಿ ಆಕೆಯ ನೆಗೆಣ್ಣಿ ಮಾಡಿದ ಸಾರನ್ನು ಹೊಗಳಿ, ಎಷ್ಟೋ ದಿನ ಉಪ್ಪಿಲ್ಲದ ಸಾರು ಉಂಡದ್ದು ಓಣಿಗೆಲ್ಲ ಗೊತ್ತು. "ಹೊಟ್ಟಿ ಉರೀತದ ಅಂದ್ರ ಉರೀತದ, ಅದಕ್ಕೇನ್ ಮುಚ್ಚುಮರಿ?" ಎಂದು ಆಕೆಯೇ ಹೇಳಿಕೊಳ್ಳುತ್ತಾಳೆ. ಹಾಗಂತ ಕೆಟ್ಟ ಹೆಂಗಸಲ್ಲ. ಮುದುಕಿಯರ ಹಿಟ್ಟಿನ ಡಬ್ಬಿಯನ್ನು ತಾನೇ ಹೊತ್ತು ಮನೆತನಕ ಮುಟ್ಟಿಸಿ ಬರುವವಳು. ತನ್ನದು ಎಂದದ್ದರ ಮೇಲೆ ಮತ್ತೊಬ್ಬರ ಕೈ ಬಿದ್ದರೆ ಮಾತ್ರ ತಡೆದುಕೊಳ್ಳಲಾರಳು.

ಹೋದ ಬೇಸಿಗೆಯಲ್ಲಿ ಒಬ್ಬಳೇ ಮಗಳು ಉಜ್ವಲಾ ಮದುವೆಯಾಗಿ ಹುಮನಾಬಾದಿಗೆ ಹೋದ ಮೇಲೆ ಈ ಕಿಚ್ಚಿಗೆ ಒಂದು ಹೆಸರು ಸಿಕ್ಕಿತು. ಸುಗಲಾಬಾಯಿ, ಉಜ್ವಲಾಳ ಅತ್ತೆ. ಮಗಳು ಫೋನು ಹಚ್ಚಿದಳೆಂದರೆ ಮಾತಿಗೊಮ್ಮೆ "ನಮ್ಮತ್ತಿ". ನಮ್ಮತ್ತಿ ಸೀರಿ ತಂದಾರ, ನಮ್ಮತ್ತಿ ಪುಂಡಿಪಲ್ಲೆ ಭಾಳ ಛಂದ ಮಾಡ್ತಾರ. ತವರಿನಲ್ಲಿ ಪುಂಡಿಪಲ್ಲೆ ಕಂಡರೆ ಮೂಗು ಮುರಿಯುತ್ತಿದ್ದ ಹುಡುಗಿ! ಒಂದು ದಿನ ಫೋನಿನಲ್ಲಿ "ಅವ್ವಾ" ಎಂದು ಕೂಗಿದ್ದು ಕೇಳಿ ಗಯಾಬಾಯಿ ಅಕ್ಕರೆಯಿಂದ "ಏನ್ ಯವ್ವಾ?" ಎಂದಳು. ಉಜ್ವಲಾ ಕೂಗಿದ್ದು ಆ ಮನೆಯೊಳಗಿದ್ದ ಸುಗಲಾಬಾಯಿಯನ್ನು. ಅಂದು ಗಯಾಬಾಯಿ ಗಿರಣಿಯಲ್ಲಿ ಗೋಧಿಯ ಮೇಲೆ ಜೋಳ ಸುರಿದುಬಿಟ್ಟಳು.

ಮಗಳದ್ದೆಂದು ಮನೆಯಲ್ಲಿ ಉಳಿದದ್ದು ಬೆಣ್ಣಿ ಒಂದೇ. ಬೆಣ್ಣಿ ಎಂದರೆ ಉಜ್ವಲಾ ಕಾಲೇಜಿಗೆ ಹೋಗುತ್ತಿದ್ದಾಗ ಸಂತೆಯಿಂದ ತಂದ ಬಿಳಿ ಮೊಲ. ಗಂಡನ ಮನೆಗೆ ಹೊರಡುವಾಗ ಅದನ್ನು ಅವ್ವನ ಕೈಗಿಟ್ಟು ಅತ್ತಿದ್ದಳು. ಮೊದಮೊದಲು "ಹಿಕ್ಕಿ ಬಳಿಯೋದೇ ಒಂದು ಕೆಲಸ" ಎಂದು ಬೈಯುತ್ತಿದ್ದ ಗಯಾಬಾಯಿ, ಈಗ ಅದು ಮೆಂತ್ಯಸೊಪ್ಪು ತಿನ್ನುವುದನ್ನು ನೋಡಿಯೇ ತಾನು ತಟ್ಟೆಗೆ ಕೈಯಿಡುತ್ತಿದ್ದಳು.

ಮೊನ್ನೆ ಮುಂಜಾನೆ ಎದ್ದು ನೋಡಿದರೆ ಬೆಣ್ಣಿಯ ತಲೆ ಎಡಕ್ಕೆ ಹೊರಳಿತ್ತು. ಒಂದು ಕಿವಿ ನೆಲಕ್ಕೆ, ಒಂದು ಕಣ್ಣು ಮಾಳಿಗೆಗೆ. ಎದ್ದು ನಿಲ್ಲಲು ಹೋಗಿ ಎಡಕ್ಕೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿದ್ದು ಉರುಳಿ ಗೋಡೆಗೆ ಬಡಿಯಿತು. ಊರಿನ ದನದ ಡಾಕ್ಟರು ನೋಡಿ, ಮೊಲದ ಔಷಧ ತಮ್ಮ ಹತ್ತಿರ ಇಲ್ಲವೆಂದೂ ನಾಯಿ, ಬೆಕ್ಕು, ಮೊಲ ನೋಡುವ ಡಾಕ್ಟರೊಬ್ಬರು ಹುಮನಾಬಾದಿನಲ್ಲಿ ಇದ್ದಾರೆಂದೂ ಹೇಳಿದರು. ಎಲ್ಲ ಊರು ಬಿಟ್ಟು ಹುಮನಾಬಾದೇ ಆಗಬೇಕೇ!

"ಉಜ್ವಲಾಗ ಒಂದು ಫೋನ್ ಹಚ್ಚು" ಎಂದ ಪಾಂಡುರಂಗ.

"ಬ್ಯಾಡ್ರಿ. ಹೇಳಿದ್ರ ಇಲ್ಲೇ ಬಿಟ್ಟು ಹೋಗು ಅಂತಾಳ. ಮಗಳನ್ನ ಕೊಟ್ಟೀನಿ, ಮೊಲಾನೂ ಕೊಡಲಿ ಏನ್ ಆ ಬೀಗ್ತಿಗಿ?" ಎಂದಳು ಗಯಾಬಾಯಿ. ಯಾರಿಗೂ ತಿಳಿಯದ ಹಾಗೆ ತೋರಿಸಿಕೊಂಡು ಸಂಜೆಗೆ ತಿರುಗಿ ಬರುವುದು ಆಕೆಯ ಲೆಕ್ಕಾಚಾರ.

ಬಿಸ್ಕೀಟಿನ ರಟ್ಟಿನ ಡಬ್ಬಿಯಲ್ಲಿ ಹಳೆ ಸೀರೆ ಹಾಸಿ ಬೆಣ್ಣಿಯನ್ನು ಮಲಗಿಸಿ ಬಸ್ಸು ಹತ್ತಿದಳು. ಬಸ್ಸು ಸ್ಟ್ಯಾಂಡ್ ದಾಟಿ ಮೊದಲ ತಗ್ಗಿಗೆ ಇಳಿದದ್ದೇ ತಡ, ಡಬ್ಬಿಯೊಳಗೆ ದಡಬಡ ಸದ್ದು. ಮೊಲ ಈ ಗೋಡೆಯಿಂದ ಆ ಗೋಡೆಗೆ ಉರುಳುತ್ತಿತ್ತು. ಗಯಾಬಾಯಿ ಅದನ್ನೆತ್ತಿ, ಸೀರೆಯ ಸೆರಗನ್ನು ಮುಂದೆ ಚೀಲದ ಹಾಗೆ ಹಿಡಿದು ಉಡಿ ಮಾಡಿ ಅದರೊಳಗೆ ಹಾಕಿಕೊಂಡಳು. ಉಡಿಯಲ್ಲೂ ಅದು ಎಡಕ್ಕೇ ವಾಲಿತು. ಎಡಗೈ ಆನಿಸಿ ಹಿಡಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಸ್ಸು ಕುಲುಕಿದಾಗ ಮತ್ತೆ ಹೊರಳುತ್ತಿತ್ತು. "ಸುಮ್ಮನಿರು ನನ್ನವ್ವಾ, ನಾ ಹಿಡದೀನಲ್ಲ" ಎಂದು ಗೊಣಗುತ್ತ ಕೈ ಸೋತರೂ ಬಿಡಲಿಲ್ಲ.

ಅಷ್ಟರಲ್ಲಿ ಫೋನು. ಉಜ್ವಲಾ. ತೆಗೆಯದಿದ್ದರೆ ಗಾಬರಿಯಾಗುತ್ತಾಳೆಂದು ತೆಗೆದಳು.

"ಅವ್ವಾ, ಬೆಣ್ಣಿ ಹ್ಯಾಂಗದ?"

"ಆರಾಮ ಅದ. ಮನ್ಯಾಗ ಆಡಾಕತ್ತದ."

ಆ ಹೊತ್ತಿಗೇ ಕಂಡಕ್ಟರು ಗಂಟಲು ಹರಿಯುವ ಹಾಗೆ ಕೂಗಿದ: "ರಾಜೇಶ್ವರ! ರಾಜೇಶ್ವರ ಇಳಿಯೋರು ಮುಂದ ಬರ್ರಿ!"

ಆಚೆ ಕಡೆಯಿಂದ, "ಅವ್ವಾ, ನಮ್ಮ ಮನಿಯೊಳಗ ಯಾವಾಗಿಂದ ಬಸ್ ನಿಂದ್ರಾಕತ್ತದ?" ಗಯಾಬಾಯಿ ಎಲ್ಲವನ್ನೂ ಹೇಳಲೇಬೇಕಾಯಿತು.

ಉಜ್ವಲಾ ಸಾಲೆಯಲ್ಲಿ ಟೀಚರು, ಮಧ್ಯಾಹ್ನದ ತನಕ ಬಿಡುವಿಲ್ಲ. ಹಾಗಾಗಿ ಹುಮನಾಬಾದಿನ ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದವಳು ಯಾರು? ಸುಗಲಾಬಾಯಿ. ಇಳಕಲ್ ಸೀರೆ, ಕುತ್ತಿಗೆಯಲ್ಲಿ ಬೋರಮಾಳ. ಗಯಾಬಾಯಿ ತನ್ನ ಸೀರೆ ನೋಡಿಕೊಂಡಳು. ನೆರಿಗೆಯಲ್ಲಿ ಹಿಟ್ಟು, ಉಡಿಯಲ್ಲಿ ಮೊಲದ ಉಚ್ಚೆ.

"ಬರ್ರಿ ಬೀಗ್ತಿಯವರ. ಕೊಡ್ರಿ, ನಾ ಹಿಡೀತೀನಿ, ನಿಮ್ಮ ಕೈ ಸೋತಿರಬೇಕು."

"ಏನೂ ಸೋತಿಲ್ಲ" ಎಂದು ಗಯಾಬಾಯಿ ಉಡಿಯನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು.

ಡಾಕ್ಟರು ಬೆಣ್ಣಿಯ ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಒಳಗಿವಿಯಲ್ಲಿ ಕೀವು ಆಗಿದೆ, ಅದಕ್ಕೇ ಆಯ ತಪ್ಪುತ್ತಿದೆ, ತಿಂಗಳುಗಟ್ಟಲೆ ಔಷಧ ಕುಡಿಸಿದರೆ ಉಳಿಯಬಹುದು ಎಂದರು. ಎರಡೂ ಮಗ್ಗುಲಿಗೆ ಬಟ್ಟೆಯ ಸುರುಳಿ ಇಟ್ಟು ಮಲಗಿಸಬೇಕು. "ಸದ್ದಿಲ್ಲದ ಜಾಗಾ ಬೇಕ್ರಿ. ಸದ್ದಿಗೆ ಬೆಚ್ಚಿ ಉರುಳಿದ್ರ ಕುತ್ತಿಗಿಗೆ ಪೆಟ್ಟು. ಮನ್ಯಾಗ ಗದ್ದಲ ಇಲ್ಲ ಹೌದಲ್ರಿ?"

ಮನೆಗೆ ಅಂಟಿಕೊಂಡ ಗಿರಣಿಯ ಪಟ್ಟಾ ತಿರುಗಿದರೆ ಮನೆಯ ಗೋಡೆಗಳೇ ನಡುಗುತ್ತವೆ. "ಇಲ್ರಿ" ಎಂದಳು ಗಯಾಬಾಯಿ, ಸುಗಲಾಬಾಯಿಯ ಮುಖ ನೋಡದೆ. ಗಿರಣಿಯ ಗದ್ದಲ ಗೊತ್ತಿದ್ದೂ ಸುಗಲಾಬಾಯಿ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಗಯಾಬಾಯಿಯನ್ನು ಇನ್ನಷ್ಟು ಉರಿಸಿತು. ದೊಡ್ಡಸ್ತಿಕೆ ತೋರಿಸುತ್ತಾಳೆ, ಮನೆಗೆ ಹೋದ ಮೇಲೆ ಮೊಲ ಬಿಟ್ಟು ಹೋಗು ಅಂತ ಮಗಳ ಬಾಯಿಂದ ಹೇಳಿಸುತ್ತಾಳೆ ಎಂದುಕೊಂಡಳು.

ಬೀಗರ ಮನೆ ತಣ್ಣಗೆ, ಸದ್ದಿಲ್ಲದೆ ಇತ್ತು. ಹಿತ್ತಲಲ್ಲಿ ಹೊಂಗೆ ಮರದ ನೆರಳು, ಪಕ್ಕದಲ್ಲೊಂದು ಬರಿದಾದ ಕೋಣೆ. ಗಯಾಬಾಯಿ ಅದನ್ನೆಲ್ಲ ನೋಡಿಯೂ ನೋಡದವಳ ಹಾಗೆ ಕೂತಳು. ಉಜ್ವಲಾ ಸಾಲೆಯಿಂದ ಓಡಿಬಂದವಳು ಅವ್ವನ ಉಡಿಯೊಳಗೆ ಮುಖ ಹಾಕಿ "ಬೆಣ್ಣೀ" ಎಂದು ಕಣ್ಣೀರು ಸುರಿಸಿದಳು. ಮೊಲವನ್ನು ಬಿಟ್ಟು ಹೋಗು ಎಂದು ಬಾಯಿಬಿಟ್ಟು ಹೇಳಲಿಲ್ಲ. ಕೈ ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

ಚಹಾ ಆಗಿ ಹೊರಡುವ ಹೊತ್ತಿಗೆ ಸುಗಲಾಬಾಯಿ ತಟ್ಟೆ ಹಿಡಿದು ಬಂದಳು. ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಎಲೆ ಅಡಿಕೆ. ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವ ಪದ್ಧತಿ ಇಲ್ಲ. ಆದರೆ ಗಯಾಬಾಯಿಯ ಉಡಿಯಲ್ಲಿ ಮೊಲವಿತ್ತು. ಅಕ್ಕಿ ಹಾಕಿಸಿಕೊಳ್ಳಬೇಕೆಂದರೆ ಅದನ್ನು ಯಾರದಾದರೂ ಕೈಗೆ ಕೊಡಬೇಕು. ಇದೇ ಹಂಚಿಕೆ, ಉಡಿ ತುಂಬುವ ನೆವದಲ್ಲಿ ಉಡಿ ಬರಿದು ಮಾಡುತ್ತಾಳೆ ಎಂದು ಗಯಾಬಾಯಿಗೆ ಅನಿಸಿತು.

"ನನಗ ಉಡಿ ಬ್ಯಾಡ್ರಿ" ಎಂದುಬಿಟ್ಟಳು.

ಉಜ್ವಲಾಳ ಮುಖ ಬಿಳಿಚಿತು. ಮಗಳು ಬಾಳುವ ಮನೆಯ ಉಡಿಯನ್ನು ಹೆತ್ತವಳೇ ಬೇಡ ಅನ್ನುವುದೆಂದರೆ!

"ತುಂಬಿದ ಉಡಿ ಖಾಲಿ ಮಾಡಸೋ ಹೆಂಗಸಲ್ಲ ನಾ" ಎಂದಳು ಸುಗಲಾಬಾಯಿ, ತಟ್ಟೆ ಹಿಡಿದುಕೊಂಡೇ. "ಬೀಗ್ತಿಯವರ, ನಿಮ್ಮ ಮಗಳು ಮುಂಜಾನಿ ಎದ್ದಕೂಡಲೇ ನಿಮಗ ಫೋನ್ ಹಚ್ಚತಾಳ. ನಾ ಚಾ ಹಿಡಕೊಂಡು ನಿಂದ್ರತೀನಿ. ಆರಿ ಹೋದ್ರೂ ಆಕಿ ಮಾತು ಮುಗಿಯೋದಿಲ್ಲ. ಪುಂಡಿಪಲ್ಲೆ ಮಾಡಿದ್ರ ಛಂದ ಆಗ್ಯಾದ ಅಂತಾಳ, ಆದ್ರ ನಮ್ಮವ್ವ ಮಾಡಿದಂಗಿಲ್ಲ ಅಂತಾಳ. ನನಗೂ ಹೊಟ್ಟಿ ಅದ ಅಲ್ರಿ, ಉರಿಯೋದಿಲ್ಲೇನು?"

ಗಯಾಬಾಯಿಗೆ ಅಯ್ಯೋ ಪಾಪ ಅನಿಸಬೇಕಿತ್ತು. ಅನಿಸಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತಣ್ಣಗಾಯಿತು. ಸುಮ್ಮನೆ ಉಡಿ ಮುಂದೊಡ್ಡಿದಳು. ಸುಗಲಾಬಾಯಿ ಮೊಲದ ಎಡಮಗ್ಗುಲಿಗೆ ಅಕ್ಕಿ ಸುರಿದಳು, ಬಲಮಗ್ಗುಲಿಗೆ ಸುರಿದಳು, ಖಣವನ್ನು ಮಡಚಿ ಕುತ್ತಿಗೆಗೆ ಆನಿಸಿದಳು. ಬಸ್ಸಿನ ದಾರಿಯುದ್ದಕ್ಕೂ ಹೊರಳಿದ್ದ ಬೆಣ್ಣಿ ಆ ಅಕ್ಕಿಯ ನಡುವೆ ನೆಟ್ಟಗೆ ಕೂತಿತು. ತನ್ನ ಕೈಯಲ್ಲಿ ಆಗದ್ದು ಇವಳ ಅಕ್ಕಿಯಲ್ಲಿ ಆಯಿತಲ್ಲ ಎಂದು ಗಯಾಬಾಯಿಗೆ ಮತ್ತೆ ಚುರುಕ್ಕೆಂದಿತು. ಆದರೂ ಮೊಲ ಕೂತದ್ದನ್ನು ನೋಡುತ್ತ ನಿಂತಳು. ಗಿರಣಿಯ ಪಟ್ಟಾ ನೆನಪಾಯಿತು.

ಉಡಿ ತುಂಬಿಸಿಕೊಂಡವಳು ಹೊರಡುವಾಗ ಅದರೊಳಗಿಂದ ಒಂದಿಷ್ಟು ಕಾಳು ತೆಗೆದು ಮನೆಯಾಕೆಯ ಸೆರಗಿಗೆ ತಿರುಗಿ ಹಾಕಬೇಕು. ಕೊಟ್ಟ ಮನೆ ಬರಿದಾಗಬಾರದು. ಹೊಸ್ತಿಲಲ್ಲಿ ಸುಗಲಾಬಾಯಿ ಸೆರಗೊಡ್ಡಿದಳು. ಗಯಾಬಾಯಿ ಉಡಿಯೊಳಗೆ ಎರಡೂ ಕೈ ಹಾಕಿ ಬೆಣ್ಣಿಯನ್ನೆತ್ತಿ ಆ ಸೆರಗಿನಲ್ಲಿಟ್ಟಳು.

"ಎಡಕ್ಕ ಬೀಳತದ, ಎಡಗೈ ಆನಿಸಿ ಹಿಡೀರಿ. ಹ್ಯಾಂಗದ ಅಂತ ದಿನಾ ಹೇಳಬೇಕು. ಉಜ್ವಲಾ ಅಲ್ಲ, ನೀವು" ಎಂದು ಗದರಿಸಿ, ಮಗಳು ಅಪ್ಪಿಕೊಳ್ಳುವ ಮೊದಲೇ ಆಟೋ ಹತ್ತಿದಳು.

ತಿರುಗಿ ಬರುವ ಬಸ್ಸಿನಲ್ಲಿ ಉಡಿಯಲ್ಲಿ ಅಕ್ಕಿ, ಕಾಯಿ ಇದ್ದವು. ಹಿಡಿದುಕೊಳ್ಳುವ ಕೆಲಸವಿರಲಿಲ್ಲ, ಆದರೂ ಎಡಗೈ ಅಲ್ಲೇ ಇತ್ತು. ರಾಜೇಶ್ವರ ದಾಟುವಾಗ ಉಜ್ವಲಾ ಒಂದು ಫೋಟೋ ಕಳಿಸಿದಳು. ಬೆಣ್ಣಿ ಅವಳ ಮಡಿಲಲ್ಲಿ ತಲೆ ವಾಲಿಸಿ ಮಲಗಿತ್ತು, ಅವಳ ಗದ್ದ ಅದರ ಕಿವಿಯ ಮೇಲಿತ್ತು. ಗಯಾಬಾಯಿ ಬಹಳ ಹೊತ್ತು ನೋಡಿದಳು. ಸುಗಲಾಬಾಯಿಯ ನೆನಪೇ ಬರಲಿಲ್ಲ. ಈಗ ಆಕೆಗೆ ಹೊಟ್ಟೆಕಿಚ್ಚಾದದ್ದು ಆ ಮೊಲದ ಮೇಲೆ.