ನೆಲಕ್ಕಂಟಿದ ಕಾರುಗಳ ಆ್ಯಟಿ

ಬೆಳಕು ಇನ್ನೂ ಗುಡ್ಡದ ಆಚೆಯೇ ಇದೆ. ಮೀನಗೋರಾ ಎಂಬ ಊರಿನ ಪೆಟ್ರೋಲ್ ಬಂಕಿನ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಲಿಫ್ಟಿನ ಮೇಲೆ ಕೆಂಪು ಕಾರೊಂದು ನಾಲ್ಕೂ ಚಕ್ರ ಜೋಲುಬಿಟ್ಟು ನಿಂತಿದೆ. ಅದರ ಕೆಳಗೆ, ಉಣ್ಣೆ ಟೋಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿಕೊಂಡು, ಮೆಕ್ಯಾನಿಕ್ ಆಟ್ರಾಕ್ಟಾ ಬಾಯ್ಸ್ ಎಂಬ ಹೆಂಗಸು ಒಂದು ಕಬ್ಬಿಣದ ಸಲಾಕೆಯನ್ನು ಮುಂದಿನ ಚಕ್ರದ ಹಿಂದೆ ಸಿಕ್ಕಿಸಿ ಮೆಲ್ಲಗೆ ಅದುಮುತ್ತಿದ್ದಾರೆ.

"ಕೇಳಿಸ್ತಾ?" ಎನ್ನುತ್ತಾರೆ. ನನಗೆ ಏನೂ ಕೇಳಿಸಿಲ್ಲ. ಇನ್ನೊಮ್ಮೆ ಅದುಮುತ್ತಾರೆ. ಈ ಸಲ ಒಂದು ಸಣ್ಣ ಟಕ್.

"ಹಲ್ಲು ಅಲ್ಲಾಡೋಕೆ ಶುರುವಾದಂಗೆ ಇದು. ಇನ್ನೂ ಕೀಳೋ ಹಂತಕ್ಕೆ ಬಂದಿಲ್ಲ. ಈ ಕಾರಿನ ಹುಡುಗ ಬೇಗ ತಂದ, ಪುಣ್ಯಾತ್ಮ."

ಊರಿಗೆಲ್ಲ ಇವರು ಆ್ಯಟಿ. ಅರವತ್ತು ದಾಟಿದೆ. ಡೊನೆಗಾಲ್ ಜಿಲ್ಲೆಯ ಈ ಮೂಲೆಯ ಹುಡುಗರಿಗೆ ಕೈಗೆ ಕಾರು ಬಂದ ಕೂಡಲೇ ಅದನ್ನು ನೆಲಕ್ಕೆ ತಗ್ಗಿಸುವ ಹುಚ್ಚು. ರಸ್ತೆಗಳೋ ಜೌಗುನೆಲದ ಮೇಲೆ ಹಾಸಿದವು; ನೀರು ಕುಡಿದು, ಒಣಗಿ, ಚಾಪೆ ಮಡಿಕೆ ಬಿದ್ದ ಹಾಗೆ ಅಲೆ ಎದ್ದಿರುತ್ತವೆ. ಹುಡುಗರ ಆಸೆಗೂ ರಸ್ತೆಯ ಸ್ವಭಾವಕ್ಕೂ ನಡುವೆ ಸಿಕ್ಕಿ ಸವೆಯುವುದು ಚಕ್ರದ ಹಿಂದಿನ ಕೀಲುಗಳು, ರಬ್ಬರ್ ಬುಷ್‌ಗಳು, ಶಾಕ್ ಅಬ್ಸಾರ್ಬರ್‌ಗಳು. ಹತ್ತು ವರ್ಷ ಬಾಳಬೇಕಾದದ್ದು ಎರಡು ವರ್ಷಕ್ಕೇ ಆ್ಯಟಿಯ ಕೈಗೆ ಬರುತ್ತದೆ. ದಿನಕ್ಕೆ ಆರೇಳು ಕಾರು ನೋಡಿದರೆ ಅರ್ಧ ಇಂಥವೇ.

ಬಂಕಿನ ನೆತ್ತಿಯ ಮೇಲೆ 'ಬಾಯ್ಸ್ ಮತ್ತು ಮಗ' ಎಂಬ ಹಳೆಯ ಬೋರ್ಡ್ ಇದೆ. ಬಾಯ್ಸ್ ಎಂದರೆ ಆ್ಯಟಿಯ ತೀರಿಹೋದ ಚಿಕ್ಕಪ್ಪ ಹ್ಯೂಯಿ. ಮಗ ಎಂದರೆ ಹ್ಯೂಯಿಯ ಮಗ, ಈಗ ಯಜಮಾನನಾಗಿರುವ ಫೊನ್ಸಿ. ಪೆಟ್ರೋಲ್ ಹಾಕುವ ಕೆಲಸಕ್ಕೆ ಬಂದ ಹುಡುಗಿ ಆ್ಯಟಿ. ಚಿಕ್ಕಪ್ಪನಿಗೆ ಕೈನಡುಕ ಶುರುವಾದಾಗ ಅವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಹೇಳುವುದು, ಇವರು ಬಿಚ್ಚುವುದು, ಕಟ್ಟುವುದು. ಹಾಗೇ ಕಲಿತದ್ದು.

"ಆ ಬೋರ್ಡಲ್ಲಿ ನಾನೆಲ್ಲಿದೀನಿ ಗೊತ್ತಾ?" ಎಂದು ನಗುತ್ತಾರೆ. "ಆ 'ಮತ್ತು' ಇದೆಯಲ್ಲ, ಅದು ನಾನು."

ಫೋನ್ ಮಾಡುವ ಹೊರಗಿನವರು ಇವರ ದನಿ ಕೇಳಿ "ಮೆಕ್ಯಾನಿಕ್ ಇದ್ದಾನಾ?" ಎನ್ನುವುದು ಇವತ್ತಿಗೂ ನಿಂತಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತಂತೆ. "ಈಗ 'ಊಟಕ್ಕೆ ಹೋಗಿದಾನೆ, ಏನಾಗಿದೆ ಹೇಳಿ' ಅಂತೀನಿ. ಎಲ್ಲ ಕೇಳ್ಕೊಂಡು, ಒಂದು ಗುಟುಕು ಟೀ ಕುಡಿದು, 'ಬಂದ ನೋಡಿ, ಕಾರ್ ತರ್ಬೇಕಂತೆ' ಅಂತೀನಿ." ತಣ್ಣನೆ ಕಾಂಕ್ರೀಟಿನ ಮೇಲೆ ನಿಂತು ನಿಂತು ಮಂಡಿ ಸೋತಿದೆ. ಬಲಭುಜವನ್ನು ಕಿವಿಯ ಮಟ್ಟಕ್ಕಿಂತ ಮೇಲೆತ್ತಲಾಗುವುದಿಲ್ಲ. "ನಂದೂ ತಗ್ಗಿಸಿದ ಗಾಡಿನೇ," ಎನ್ನುತ್ತಾರೆ.

ಆ್ಯಟಿಯ ಬಗ್ಗೆ ಬರೆಯಲೇಬೇಕು ಎಂದು ನನಗೆ ಅನ್ನಿಸಿದ್ದು ಡಿಂಪ್ನಾ ಗಿಲ್ಡೇ ಹೇಳಿದ ಮಾತಿನಿಂದ. ಡಿಂಪ್ನಾ ಗುಡ್ಡದ ಮೇಲಿನ ಒಂಟಿ ಮುದುಕರ ಮನೆಗಳಿಗೆ ಹೋಗಿ ಅವರನ್ನು ಎಬ್ಬಿಸಿ, ಮೈ ತೊಳೆಸಿ, ಮಾತ್ರೆ ಕೊಟ್ಟು, ಗಂಜಿ ಕಾಯಿಸಿಕೊಡುವ ಕೆಲಸದವಳು. ಹೋದ ವರ್ಷ ಅವಳ ಸಣ್ಣ ಕಾರು ಕೈಕೊಟ್ಟಿತು. ಅಣ್ಣ ಯೂನನ್ ಕಿಲಿಬೆಗ್ಸ್ ಬಂದರಿನಿಂದ ಬಂಗುಡೆ ಹಿಡಿಯುವ ದೋಣಿಯಲ್ಲಿ ಹೋಗುವವನು. ಹೊರಡುವಾಗ ತನ್ನ ಕಾರಿನ ಕೀ ಇವಳ ಕೈಗಿಟ್ಟು, "ಓಡಿಸ್ಕೋ. ಆದ್ರೆ ಅದರ ಎತ್ತರಕ್ಕೆ ಯಾರೂ ಕೈ ಹಚ್ಚಬಾರದು" ಎಂದಿದ್ದ. ಬೀದಿಯ ಬೆಕ್ಕು ಕೂಡ ಆ ಕಾರಿನ ಅಡಿಗೆ ತೂರಲಾರದಷ್ಟು ತಗ್ಗಿಸಿದ ಕಾರು ಅದು.

ವಸಂತದಲ್ಲಿ ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಈ ಕಾರಿಗೆ ಮುಂದಿನ ಕೀಲು, ಏಟು ತಡೆಯುವ ರಬ್ಬರ್ ಮೆತ್ತೆಯಾದ ಬುಷ್ ಎಲ್ಲ ಹೊಸದು ಹಾಕಿಸಿದ್ದಳು. ಎಲೆ ಉದುರುವ ಹೊತ್ತಿಗೆ ಮತ್ತೆ ಸದ್ದು. ಆ್ಯಟಿಯ ಹತ್ತಿರ ಬಂದು, "ಮುಂದುಗಡೆ ಯಾರೋ ಬಟ್ಟಲಲ್ಲಿ ಚಮಚ ಅಲ್ಲಾಡಿಸ್ದಂಗೆ ಆಗತ್ತೆ. ಒಂಚೂರು ಎಣ್ಣೆ ಬಿಟ್ಟು ಕೊಟ್ಬಿಡಿ, ಗುಡ್ಡದ ಮೇಲೆ ಮ್ಯಾನಸ್ ಅಜ್ಜ ಕಾಯ್ತಿರ್ತಾರೆ" ಎಂದಳು.

ಆ್ಯಟಿ ಕಾರನ್ನು ಎತ್ತಿದರು. ಎಡಗಡೆಯ ಚಕ್ರವನ್ನು ಹಿಡಿದು ಒಮ್ಮೆ ಅಲ್ಲಾಡಿಸಿದರು. ಸಲಾಕೆ ಹಾಕುವ ಅಗತ್ಯವೇ ಬೀಳಲಿಲ್ಲ. ಚಕ್ರವನ್ನು ಕಾರಿನಡಿಯ ಕಬ್ಬಿಣದ ತೋಳಿಗೆ ಹಿಡಿದಿಡುವುದು ಒಂದು ಬಾಲ್ ಜಾಯಿಂಟ್. ನಮ್ಮ ಭುಜದ ಕೀಲಿನಂತೆ ಬಟ್ಟಲೊಳಗೆ ಕೂತ ಗುಂಡು. ಆ ಗುಂಡು ಬಟ್ಟಲಿನ ಅಂಚಿಗೆ ಬಂದು ನಿಂತಿತ್ತು. ಕಳಚಿದರೆ ಚಕ್ರ ಮಡಚಿಕೊಂಡು ಅಡ್ಡ ಬೀಳುತ್ತದೆ. ಮ್ಯಾನಸ್ ಮನೆಯ ದಾರಿಯ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಸಮುದ್ರ.

ಆ್ಯಟಿ ಕಾರನ್ನು ಇಳಿಸಿದರು. ಕೀಯನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಏನ್ ಮಾಡ್ತಿದೀರ?" ಎಂದಳು ಡಿಂಪ್ನಾ.

"ಇದು ಇಲ್ಲಿಂದ ಕದಲಲ್ಲ, ಮಗಳೇ."

"ಆ್ಯಟಿ, ನನ್ ಕೆಲಸ! ಆ ಮುದುಕ ಹಾಸಿಗೇಲಿ ಹಾಗೇ ಬಿದ್ದಿರ್ತಾರೆ. ಕೀ ಕೊಡಿ."

"ಕೊಡಲ್ಲ."

"ನಿಮಗೇನ್ರೀ ಹಕ್ಕಿದೆ?"

"ಹಕ್ಕಿಲ್ಲ. ಜೇಬಿದೆ."

ಫೊನ್ಸಿ ಒಳಗಿಂದ ಓಡಿಬಂದ. "ಅವರ ಕಾರು, ಅವರಿಷ್ಟ ಆ್ಯಟಿ. ನೀನು ಹೊಸದು ಹಾಕು, ಕೊಟ್ಟು ಕಳಿಸು. ಯೂನನ್ ಬಂದ್ರೆ ನಮ್ಮ ಬಾಗಿಲು ಮುರೀತಾನೆ."

"ಹೊಸದು ಹಾಕಿ ಆಗಿದೆಯಲ್ಲೋ, ವಸಂತದಲ್ಲಿ. ಎಲ್ಲಿಗೆ ಹೋಯ್ತು ಅದು? ಯಾಕೆ ಹೋಯ್ತು ಅಂತ ಗೊತ್ತಾಗೋ ತನಕ ಹಾಕಿದ್ದೂ ಒಂದೇ, ಹಾಕ್ದೆ ಇದ್ದಿದ್ದೂ ಒಂದೇ. ಬಾಗಿಲು ಮುರಿದ್ರೆ ಬೇರೆ ಹಾಕೋಣ."

ಅಷ್ಟು ಹೇಳಿ ಗ್ಯಾರೇಜಿನ ವ್ಯಾನ್ ಹೊರತೆಗೆದರು. ಡಿಂಪ್ನಾ ಬಾಯಿ ಬಿಗಿದುಕೊಂಡು ಪಕ್ಕದಲ್ಲಿ ಕೂತಳು. ಮ್ಯಾನಸ್ ದಿಂಬಿನಿಂದ ತಲೆ ಎತ್ತಿ ಇಬ್ಬರನ್ನೂ ನೋಡಿ ಗಾಬರಿಯಾದರು. "ಇವತ್ತು ಇಬ್ಬರನ್ನ ಕಳಿಸಿದಾರಾ? ಅಷ್ಟು ಕೆಟ್ಟುಹೋಗಿದೀನಾ ನಾನು?"

"ನಾನು ಬರೀ ಡ್ರೈವರು," ಎಂದರು ಆ್ಯಟಿ.

"ಹಾಗಾದ್ರೆ ಖಾಲಿ ನಿಂತ್ಕೋಬೇಡ. ಹೋಗಿ ಟೀ ಮಾಡು."

ಡಿಂಪ್ನಾಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಸಿಟ್ಟು ಅರ್ಧ ಇಳಿಯಿತು. ಆ ವಾರವೆಲ್ಲ ಆ್ಯಟಿ ಬೆಳಗ್ಗೆ ಅವಳನ್ನು ಮನೆಮನೆಗೆ ಕರೆದೊಯ್ದು, ವಾಪಸು ಬಂದು ಶೆಡ್ಡಿನ ಕೆಲಸ ಮಾಡಿದರು.

ಬಿಡುವಾದಾಗೆಲ್ಲ ಯೂನನ್‌ನ ಕಾರಿನ ಅಡಿ ನಿಲ್ಲುತ್ತಿದ್ದರು. ತಗ್ಗಿಸಿದ್ದರಿಂದ ತೋಳುಗಳು ಮೇಲ್ಮುಖವಾಗಿ, ಕೀಲುಗಳು ಸದಾ ಅಂಚಿನಲ್ಲೇ ದುಡಿಯುತ್ತಿದ್ದದ್ದು ಕಾಣುತ್ತಿತ್ತು. ಆದರೆ ಬುಷ್‌ನ ರಬ್ಬರ್ ಇಷ್ಟು ಬೇಗ ಹರಿದದ್ದು ಅವರಿಗೆ ಒಗಟಾಗಿತ್ತು. ಬಿಚ್ಚಿ ನೋಡಿದಾಗ ಸೀಳು ಒಂದೇ ಬದಿಗೆ ಇತ್ತು. ಆಗ ಹೊಳೆಯಿತು. ವಸಂತದಲ್ಲಿ ಹಾಕಿದವರು ಕಾರನ್ನು ಎತ್ತಿಟ್ಟು, ಚಕ್ರ ಗಾಳಿಯಲ್ಲಿ ಜೋಲುತ್ತಿರುವಾಗಲೇ ಬೋಲ್ಟ್ ಬಿಗಿದಿದ್ದರು. ಕಾರು ನೆಲಕ್ಕಿಳಿದು ತಗ್ಗಿ ಕೂತಾಗ ತೋಳು ಮೇಲಕ್ಕೆ ಹೋಗಿ, ಬಿಗಿದ ರಬ್ಬರ್ ತಿರುಚಿಕೊಂಡಿತು.

"ಕತ್ತು ಪೂರ್ತಿ ಒಂದು ಕಡೆ ತಿರುಗಿಸ್ಕೊಂಡು ಆರು ತಿಂಗಳು ಕೆಲಸಕ್ಕೆ ಹೋಗಿ ನೋಡಿ," ಎನ್ನುತ್ತಾರೆ ಆ್ಯಟಿ. "ನಿಂತಾಗಲೂ ನೋವೇ, ಓಡಿದಾಗಲೂ ನೋವೇ. ಅದೂ ಹಾಗೇ ಹರಿದಿದ್ದು. ರಬ್ಬರ್ ಸಡಿಲ ಆದ್ಮೇಲೆ ಏಟೆಲ್ಲ ಕೀಲಿನ ಮೇಲೆ."

ಕಾರಣ ಸಿಕ್ಕಿತು. ಆದರೂ ಅಷ್ಟು ತಗ್ಗಿನಲ್ಲಿ ಯಾವ ಕೀಲೂ ಹೆಚ್ಚು ದಿನ ಬಾಳದು. ಎರಡು ಬೆರಳಿನಷ್ಟಾದರೂ ಎತ್ತಬೇಕು. ಸ್ಪ್ರಿಂಗಿನ ಕೆಳಗಿನ ಬಳೆಯನ್ನು ತಿರುಗಿಸಿದರೆ ಎತ್ತರ ಬದಲಾಗುತ್ತದೆ, ಅಷ್ಟೇ ಕೆಲಸ. ಕಾರಿನವನನ್ನು ಕೇಳದೆ ಆ್ಯಟಿ ಅದನ್ನು ಮುಟ್ಟಲಿಲ್ಲ.

ಶನಿವಾರ ಯೂನನ್ ದೋಣಿಯಿಳಿದು ನೇರ ಗ್ಯಾರೇಜಿಗೇ ಬಂದ. ಬಾಗಿಲು ತುಂಬುವಂಥ ಆಳು. ಡಿಂಪ್ನಾ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು. ಫೊನ್ಸಿಗೆ ಬಂಕಿನಲ್ಲಿ ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾಯಿತು.

ಆ್ಯಟಿ ಹಳೆಯ ಕೀಲನ್ನು ಅವನ ಅಂಗೈಗಿಟ್ಟರು. ಅವನು ತಿರುಗಿಸಿ ನೋಡಿದ. ಎರಡು ಕೈಯಲ್ಲಿ ಹಿಡಿದು ಎಳೆದ. ಗುಂಡು ಬಟ್ಟಲಿನಿಂದ ಕಳಚಿ ಬಂತು.

"ಇದನ್ನಿಟ್ಕೊಂಡು ಇವಳು ಮ್ಯಾನಸ್ ಮನೆಗೆ ಹೋಗ್ತಿದ್ಲಾ?"

"ಇಲ್ಲಿಗೆ ತರೋ ಹಿಂದಿನ ದಿನವೂ ಹೋಗಿದ್ಲು. ಕಾರನ್ನ ಎರಡು ಬೆರಳು ಎತ್ತದಿದ್ರೆ ಹೊಸದೂ ಹೀಗೇ ಆಗತ್ತೆ."

ಯೂನನ್ ಹಳೇ ಟೈರುಗಳ ಮೇಲೆ ಕೂತುಬಿಟ್ಟ. ಕೀಲನ್ನು ಪಕ್ಕಕ್ಕಿಟ್ಟ. ಆಮೇಲೆ, "ಎತ್ತಿಬಿಡಿ, ಆ್ಯಟಿ" ಎಂದ. ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲುದನಿಯಲ್ಲಿ ಸೇರಿಸಿದ: "ನಿಜ ಹೇಳ್ಲಾ? ಬಿರುಗಾಳೀಲಿ ದೋಣಿ ಮೇಲೂ ನನಗೆ ನಿದ್ದೆ ಬರತ್ತೆ. ಈ ಕಾರಲ್ಲಿ ಮನೆ ಸೇರೋ ಹೊತ್ತಿಗೆ ಸೊಂಟ ಬಿದ್ದುಹೋಗಿರತ್ತೆ. ಎತ್ತಿಸೋಣ ಅಂತ ಯಾವಾಗಿಂದಲೋ ಇದೆ. ಹುಡುಗರ ಮುಂದೆ ಏನಂತ ಹೇಳ್ಲಿ?"

"ಗ್ಯಾರೇಜಿನ ಮುದುಕಿ ಒಪ್ಪಲಿಲ್ಲ ಅನ್ನು."

ಡಿಂಪ್ನಾ ತನ್ನ ಚೀಲವನ್ನೇ ಎತ್ತಿ ಅಣ್ಣನ ಬೆನ್ನಿಗೆ ಬಾರಿಸಿದಳು. "ವಾರವಿಡೀ ನಿಂಗೆ ಹೆದರ್ಕೊಂಡು ಸತ್ತೆ ನಾನು! ಸೊಂಟನೋವಂತೆ ಇವನಿಗೆ!" ಎನ್ನುತ್ತ ಅತ್ತಳು, ನಕ್ಕಳು. ಬಂಕಿನ ಕಡೆಯಿಂದ ಫೊನ್ಸಿಯೂ ನಗುತ್ತ ಬಂದ, ಕೈಯಲ್ಲಿ ಎಲ್ಲರಿಗೂ ಟೀ.

ಆ್ಯಟಿ ಹೊಸ ಕೀಲು, ಬುಷ್ ಹಾಕಿ, ಬಳೆ ತಿರುಗಿಸಿ ಎತ್ತರಿಸಿದರು. ಕಾರನ್ನು ಕೆಳಗಿನಿಂದ ಕೆಲಸ ಮಾಡಲು ಶೆಡ್ಡಿನ ನೆಲದಲ್ಲಿ ತೋಡಿದ ಹಳ್ಳದ ಮೇಲೆ, ಅದರ ಚಕ್ರಗಳ ಮೇಲೇ ನಿಲ್ಲಿಸಿ, ಯೂನನ್‌ನನ್ನೂ ಡಿಂಪ್ನಾಳನ್ನೂ ಒಳಗೆ ಕೂರಿಸಿ ನಾಲ್ಕು ಸಲ ಕುಲುಕಿ, ಆಮೇಲೆ ಕೆಳಗಿಳಿದು ಬುಷ್‌ನ ಬೋಲ್ಟುಗಳನ್ನು ಬಿಗಿದರು. ಅದಕ್ಕೀಗ ವರ್ಷ ತುಂಬಿದೆ. ಕೀಲು ಅದೇ, ಬುಷ್ ಅದೇ. ಡಿಂಪ್ನಾ ಬೇರೆ ಕಾರು ಕೊಂಡಿದ್ದಾಳೆ. ಅದನ್ನೂ ಇಲ್ಲಿಗೇ ತರುತ್ತಾಳೆ. "ಆ ದಿನ ಅವರು ಕೀ ಕೊಟ್ಟಿದ್ರೆ ಈಗ ನಿಮ್ಮ ಜೊತೆ ಮಾತಾಡ್ತಾ ಕೂತಿರ್ತಿದ್ನೋ ಇಲ್ವೋ" ಎಂದು ಅವಳು ನನಗೆ ಹೇಳಿದ್ದಳು. ಊರಿನ ಹುಡುಗರೂ ಒಬ್ಬೊಬ್ಬರಾಗಿ, ಜೊತೆಗಾರರಿಗೆ ಕಾಣದ ಹಾಗೆ ಬಂದು, "ಯೂನನ್‌ದಕ್ಕೆ ಮಾಡಿದಂಗೆ ಮಾಡಿ" ಎನ್ನುತ್ತಾರೆ.

ಬೆಳಕು ಶೆಡ್ಡಿನ ಬಾಗಿಲಿಗೆ ಬಂದಿದೆ. ಇಷ್ಟು ವರ್ಷದ ಕೆಲಸದಲ್ಲಿ ನಿಮಗೆ ಸಿಕ್ಕಿದ್ದೇನು ಎಂದು ಕೇಳುತ್ತೇನೆ. ಆ್ಯಟಿ ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

"ರಸ್ತೇಲಿ ನಾನು ಕಟ್ಟಿದ ಕಾರು ಎದುರಾದ್ರೆ ಓಡಿಸೋರ ಮುಖ ನೋಡಲ್ಲ ನಾನು. ಮುಂದಿನ ಚಕ್ರ ನೋಡ್ತೀನಿ. ನೆಟ್ಟಗೆ ಹೋಗ್ತಿದ್ರೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಮಾಡ್ತೀನಿ. ತಮಗೇ ಮಾಡಿದ್ದು ಅಂದ್ಕೊಂಡು ಪಾಪ, ಅವರೂ ಎತ್ತುತ್ತಾರೆ."